ಮೊದಲು ಹೇಳಿದವರಿಗೇ ಮೊದಲ ಪೆಟ್ಟು

2021ರ ನವೆಂಬರ್ ನಡುವಿನಲ್ಲಿ ದಕ್ಷಿಣ ಆಫ್ರಿಕಾದ ಗೌಟೆಂಗ್ ಪ್ರಾಂತ್ಯದ ಒಂದು ಪ್ರಯೋಗಾಲಯದವರಿಗೆ ಪರೀಕ್ಷಾ ವರದಿಗಳಲ್ಲಿ ಏನೋ ಎಡವಟ್ಟಿದೆ ಎನಿಸಿತು. ಅವರು ಬಳಸುತ್ತಿದ್ದ ಆರ್‌ಟಿ-ಪಿಸಿಆರ್ ಕಿಟ್ ಕೊರೊನಾ ವೈರಾಣುವಿನ ಮೂರು ಜೀನ್‌ಗಳನ್ನು ಹುಡುಕುತ್ತದೆ. ಅಲ್ಲಿಯವರೆಗೆ ಹಬ್ಬಿದ್ದ ಡೆಲ್ಟಾದಲ್ಲಿ ಮೂರೂ ಸಿಗುತ್ತಿದ್ದವು. ಈಗ ಒಂದರ ಹಿಂದೊಂದು ಮಾದರಿಯಲ್ಲಿ ಎರಡೇ ಸಿಗುತ್ತಿದ್ದವು. ವೈರಾಣುವಿನ ಮೈಮೇಲಿನ ಮುಳ್ಳುಗಳ ಪ್ರೋಟೀನನ್ನು ರೂಪಿಸುವ ಎಸ್ ಜೀನ್ ನಾಪತ್ತೆ. ಅಂತಹ ಮಾದರಿಗಳ ಇಡೀ ಜೀನೋಮನ್ನು ಓದಿ ನೋಡಿದಾಗ ಸಿಕ್ಕಿದ್ದು, ಮುಳ್ಳಿನ ಪ್ರೋಟೀನೊಂದರಲ್ಲೇ ಸುಮಾರು ಮೂವತ್ತು ಬದಲಾವಣೆಗಳಿದ್ದ ಹೊಸ ರೂಪಾಂತರಿ. ನೆರೆಯ ಬೋಟ್ಸ್ವಾನಾದ ವಿಜ್ಞಾನಿಗಳಿಗೂ ಅದೇ ಕಂಡಿತ್ತು. ನವೆಂಬರ್ 24ರಂದು ದಕ್ಷಿಣ ಆಫ್ರಿಕಾ ವಿಶ್ವ ಆರೋಗ್ಯ ಸಂಸ್ಥೆಗೆ ವಿಷಯ ತಿಳಿಸಿತು. ಮರುದಿನ ಅಲ್ಲಿನ ವಿಜ್ಞಾನಿ ತುಲಿಯೊ ಡಿ ಒಲಿವೇರಾ ಪತ್ರಿಕಾಗೋಷ್ಠಿಯಲ್ಲಿ ಇಡೀ ಜಗತ್ತಿಗೆ ಹೇಳಿದರು.

ಅದೇ ರಾತ್ರಿ ಬ್ರಿಟನ್ ಆಫ್ರಿಕಾ ಖಂಡದ ದಕ್ಷಿಣ ಭಾಗದ ಆರು ದೇಶಗಳ ವಿಮಾನಗಳನ್ನು ತಡೆಯುವ ನಿರ್ಧಾರ ಪ್ರಕಟಿಸಿತು. ಹೊಸ ರೂಪಾಂತರಿಗೆ ವಿಶ್ವ ಆರೋಗ್ಯ ಸಂಸ್ಥೆ ಓಮೈಕ್ರಾನ್ ಎಂದು ಹೆಸರಿಟ್ಟದ್ದು ಅದರ ಮರುದಿನ! ನವೆಂಬರ್ 29ರಿಂದ ಅಮೆರಿಕ ಎಂಟು ದೇಶಗಳ ಪ್ರಯಾಣಿಕರಿಗೆ ಬಾಗಿಲು ಮುಚ್ಚಿತು. ಐರೋಪ್ಯ ಒಕ್ಕೂಟ, ಕೆನಡಾ, ಜಪಾನ್ ಯಾರೂ ಹಿಂದೆ ಬೀಳಲಿಲ್ಲ. ವಿಮಾನ ನಿಂತರೆ ಪ್ರವಾಸಿಗರು ಮಾತ್ರ ನಿಲ್ಲುವುದಿಲ್ಲ. ಜೀನೋಮ್ ಓದುವುದಕ್ಕೆ ಬೇಕಾದ ರಾಸಾಯನಿಕಗಳೂ ಬರುವುದು ವಿಮಾನದಲ್ಲೇ, ಅವು ಮುಗಿದುಹೋದರೆ ಹೊಸ ವೈರಾಣುವಿನ ಬೆನ್ನುಹತ್ತುವ ಕೆಲಸವೇ ನಿಲ್ಲುತ್ತದೆ ಎಂದು ಡಿ ಒಲಿವೇರಾ ಎಚ್ಚರಿಸಬೇಕಾಯಿತು.

ಇಷ್ಟಕ್ಕೂ ತಡೆದದ್ದು ಏನನ್ನು? ನೆದರ್ಲೆಂಡ್ಸ್‌ನಲ್ಲಿ ನವೆಂಬರ್ 19 ಮತ್ತು 23ರಂದು ತೆಗೆದಿಟ್ಟಿದ್ದ ಮಾದರಿಗಳನ್ನು ಮರಳಿ ನೋಡಿದಾಗ ಅವುಗಳಲ್ಲೇ ಓಮೈಕ್ರಾನ್ ಇತ್ತು. ದಕ್ಷಿಣ ಆಫ್ರಿಕಾ ಬಾಯಿ ಬಿಡುವ ಮೊದಲೇ ಅದು ಯುರೋಪನ್ನು ಸೇರಿಯಾಗಿತ್ತು. ನಮ್ಮದೂ ಅದೇ ಕಥೆ. ಡಿಸೆಂಬರ್ 2ರಂದು ಕೇಂದ್ರ ಆರೋಗ್ಯ ಸಚಿವಾಲಯ ಭಾರತದ ಮೊದಲ ಎರಡು ಓಮೈಕ್ರಾನ್ ಪ್ರಕರಣಗಳನ್ನು ಪ್ರಕಟಿಸಿತು, ಎರಡೂ ಬೆಂಗಳೂರಿನವು. ಒಬ್ಬರು ದಕ್ಷಿಣ ಆಫ್ರಿಕಾದಿಂದ ಬಂದವರು. ಪ್ರಕಟಣೆ ಹೊರಬೀಳುವಷ್ಟರಲ್ಲಿ ಅವರು ದುಬೈಗೆ ಹೊರಟುಹೋಗಿದ್ದರು. ಇನ್ನೊಬ್ಬರು ನಗರದ ವೈದ್ಯರು, ವಿದೇಶಕ್ಕೆ ಹೋದವರೇ ಅಲ್ಲ. ಅವರ ಗಂಟಲ ದ್ರವದ ಮಾದರಿ ತೆಗೆದದ್ದು ನವೆಂಬರ್ 22ರಂದು, ಅಂದರೆ ಪತ್ರಿಕಾಗೋಷ್ಠಿಗೆ ಮೂರು ದಿನ ಮೊದಲು. ಅವರಿಗೆ ಸೋಂಕು ತಗಲಿಸಿದವರನ್ನು ಯಾವ ವಿಮಾನ ನಿಲ್ದಾಣದಲ್ಲಿ ತಡೆಯಬೇಕಿತ್ತು?

ಡಿಸೆಂಬರ್ ಮುಗಿಯುವಷ್ಟರಲ್ಲಿ ಬ್ರಿಟನ್, ಅಮೆರಿಕ ಎರಡೂ ಈ ನಿಷೇಧವನ್ನು ಸದ್ದಿಲ್ಲದೆ ಹಿಂತೆಗೆದುಕೊಂಡವು. ಆ ವೇಳೆಗೆ ಅವರ ಊರುಗಳಲ್ಲೇ ಓಮೈಕ್ರಾನ್ ಮನೆಮನೆಗೆ ಹೊಕ್ಕಿತ್ತು. ದಕ್ಷಿಣ ಆಫ್ರಿಕಾದಲ್ಲಿ ಬೇಸಿಗೆ ರಜೆಯ ಪ್ರವಾಸೋದ್ಯಮ ಮಾತ್ರ ಹೋದದ್ದು ಹೋಯಿತು. ಇಂತಹ ಅನುಭವವಾದ ದೇಶದ ಆರೋಗ್ಯ ಸಚಿವರ ಮೇಜಿನ ಮೇಲೆ ನಾಳೆ ಮತ್ತೊಂದು ಅನುಮಾನಾಸ್ಪದ ವರದಿ ಬಂದು ಬಿದ್ದರೆ ಅವರು ಏನು ಲೆಕ್ಕ ಹಾಕುತ್ತಾರೆ? ವೇಗವಾಗಿ ಹಬ್ಬುವ ಸಾಂಕ್ರಾಮಿಕವನ್ನು ದೇಶಗಳು ಹೇಗೆ ಎದುರಿಸುತ್ತವೆ ಎಂಬ ಚರ್ಚೆ ನಮ್ಮಲ್ಲಿ ಸಾಮಾನ್ಯವಾಗಿ ಲಾಕ್‌ಡೌನ್, ಲಸಿಕೆ, ಹಾಸಿಗೆಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲಿನ ಪ್ರಶ್ನೆ ಈ ಲೆಕ್ಕಾಚಾರದ್ದು. ಸುದ್ದಿ ಬೇಗ ಹೊರಬಂದರೆ ಉಳಿದದ್ದಕ್ಕೆಲ್ಲ ಸಮಯ ಸಿಗುತ್ತದೆ. ಬರದಿದ್ದರೆ ಯಾವ ಆಸ್ಪತ್ರೆಯೂ ಸಾಲುವುದಿಲ್ಲ.

ಈ ಪಾಠ ಭಾರತಕ್ಕೆ ಹೊಸದಲ್ಲ. 1994ರ ಸೆಪ್ಟೆಂಬರ್‌ನಲ್ಲಿ ಸೂರತ್‌ನಲ್ಲಿ ಶ್ವಾಸಕೋಶದ ಪ್ಲೇಗ್ ಕಾಣಿಸಿಕೊಂಡಿತೆಂಬ ಸುದ್ದಿ ಹಬ್ಬಿದಾಗ ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ರೈಲು, ಬಸ್, ಲಾರಿ ಹತ್ತಿ ಊರು ಬಿಟ್ಟರು. ಕೊನೆಗೆ ಲೆಕ್ಕಕ್ಕೆ ಸಿಕ್ಕ ಸಾವುಗಳು ಐವತ್ತರ ಆಸುಪಾಸು. ಪ್ಲೇಗ್ ಆ್ಯಂಟಿಬಯೋಟಿಕ್‌ಗೆ ಬಗ್ಗುವ ರೋಗ, ಪ್ರಯಾಣ ನಿರ್ಬಂಧ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರಲೂ ಇಲ್ಲ. ಆದರೂ ಕೊಲ್ಲಿಯ ಹಲವು ದೇಶಗಳು ಭಾರತದ ವಿಮಾನಗಳನ್ನು ನಿಲ್ಲಿಸಿದವು. ಸರಕು ಬಂದರಿನಲ್ಲೇ ಕೊಳೆಯಿತು, ಪ್ರವಾಸಿಗರು ಟಿಕೆಟ್ ರದ್ದು ಮಾಡಿದರು. ದೇಶಕ್ಕಾದ ನಷ್ಟವನ್ನು ಸುಮಾರು 170 ಕೋಟಿ ಡಾಲರ್ ಎಂದು ಅಂದಾಜು ಮಾಡಲಾಯಿತು. ಮೂರು ವರ್ಷ ಮೊದಲು ಪೆರುವಿನಲ್ಲೂ ಹೀಗೇ ಆಗಿತ್ತು. 1991ರಲ್ಲಿ ಅಲ್ಲಿ ಕಾಲರಾ ಬಂದಾಗ ದೇಶ ಮುಚ್ಚುಮರೆಯಿಲ್ಲದೆ ವರದಿ ಮಾಡಿತು. ಅದರ ಮೀನು ಯಾರಿಗೂ ಬೇಡವಾಯಿತು. ವ್ಯಾಪಾರ ಮತ್ತು ಪ್ರವಾಸೋದ್ಯಮದಲ್ಲಿ ಕಳೆದುಕೊಂಡದ್ದು 77 ಕೋಟಿ ಡಾಲರ್.

ತೀರಾ ಹತ್ತಿರದ ಉದಾಹರಣೆಗೆ ನಮ್ಮ ಮಣಿಪಾಲದ ಸಂಬಂಧವೂ ಇದೆ. 2018ರ ಮೇ ತಿಂಗಳಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಪೇರಾಂಬ್ರದ ಒಂದೇ ಮನೆಯಲ್ಲಿ ಒಬ್ಬರು ತೀರಿಕೊಂಡು, ಕೆಲವೇ ದಿನಗಳಲ್ಲಿ ಅವರ ಸಹೋದರನಿಗೂ ಮೆದುಳಿನ ಉರಿಯೂತ ಕಾಣಿಸಿಕೊಂಡಿತು. ಇದು ಮಾಮೂಲಿ ಮೆದುಳು ಜ್ವರವಲ್ಲ ಎಂದು ಕೋಝಿಕ್ಕೋಡಿನ ಖಾಸಗಿ ಆಸ್ಪತ್ರೆಯ ವೈದ್ಯರು ಶಂಕಿಸಿದರು. ಮಾದರಿ ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರಕ್ಕೆ ಬಂತು. ಡಾ. ಜಿ. ಅರುಣ್‌ಕುಮಾರ್ ಅವರ ತಂಡ ಅದರಲ್ಲಿ ನಿಫಾವನ್ನು ಗುರುತಿಸಿತು, ಬಳಿಕ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ದೃಢಪಡಿಸಿತು. ಎರಡನೆಯ ರೋಗಿಯಲ್ಲೇ ರೋಗ ಪತ್ತೆಯಾಗುವುದು ಸಣ್ಣ ಮಾತಲ್ಲ. 2001ರಲ್ಲಿ ಸಿಲಿಗುರಿಯಲ್ಲಿ ಇದೇ ರೋಗ ಬಂದಾಗ ಅದು ನಿಫಾ ಎಂದು ತಿಳಿದದ್ದು ಎಲ್ಲ ಮುಗಿದು ವರ್ಷಗಳು ಕಳೆದ ಮೇಲೆ. ಕೇರಳ ಸರ್ಕಾರವೂ ವಿಷಯವನ್ನು ಮುಚ್ಚಿಡಲಿಲ್ಲ. ಬಹುಮಾನವಾಗಿ ಸಿಕ್ಕಿದ್ದೇನು? ಯುಎಇ, ಬಹರೈನ್, ಸೌದಿ ಅರೇಬಿಯಾಗಳಲ್ಲಿ ಕೇರಳದ ಹಣ್ಣು, ತರಕಾರಿಗೆ ನಿಷೇಧ. ಅಲ್ಲಿಂದೀಚೆಗೆ ಕೇರಳದಲ್ಲಿ ನಿಫಾ ಮತ್ತೆ ಮತ್ತೆ ಪತ್ತೆಯಾಗುತ್ತಿದೆ, ಪ್ರತಿ ಸಲವೂ ‘ಎಲ್ಲ ರೋಗ ಕೇರಳದಲ್ಲೇ ಏಕೆ’ ಎಂಬ ಕುಹಕ ನಮ್ಮ ಕಡೆ ಕೇಳಿಬರುತ್ತದೆ. ಹುಡುಕುವವರಿಗೆ ಸಿಗುತ್ತದೆ, ಅಷ್ಟೇ. ನಿಫಾ ವೈರಾಣುವನ್ನು ಹೊತ್ತ, ಹಣ್ಣು ತಿನ್ನುವ ಬಾವಲಿಗಳು ರಾಜ್ಯದ ಗಡಿಯಲ್ಲಿ ನಿಂತು ವಾಪಸಾಗುವುದಿಲ್ಲ.

ಈ ಅನ್ಯಾಯ ಕಾನೂನು ಬರೆದವರಿಗೆ ಗೊತ್ತಿರಲಿಲ್ಲವೆಂದಲ್ಲ. ರೋಗ ತಡೆಯಬೇಕು, ವ್ಯಾಪಾರವೂ ನಿಲ್ಲಬಾರದು ಎಂಬ ಎಳೆದಾಟದಿಂದಲೇ 1851ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ನೈರ್ಮಲ್ಯ ಸಮ್ಮೇಳನ ಸೇರಿದ್ದು. ಸೂರತ್ ಕಾಲದ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಿದ್ದ ರೋಗಗಳು ಮೂರೇ: ಕಾಲರಾ, ಪ್ಲೇಗ್, ಹಳದಿ ಜ್ವರ. 2003ರಲ್ಲಿ ಹಬ್ಬಿದ ಸಾರ್ಸ್ ಎಂಬ ಹೊಸ ಉಸಿರಾಟದ ರೋಗ ಆ ವ್ಯವಸ್ಥೆಯ ಪೊಳ್ಳುತನವನ್ನು ಬಯಲು ಮಾಡಿತು. ಚೀನಾದ ಗುವಾಂಗ್‌ಡಾಂಗ್‌ನಲ್ಲಿ 2002ರ ನವೆಂಬರ್‌ನಲ್ಲೇ ಆರಂಭವಾಗಿದ್ದ ರೋಗದ ಅಧಿಕೃತ ಮಾಹಿತಿ ವಿಶ್ವ ಆರೋಗ್ಯ ಸಂಸ್ಥೆಗೆ ಸಿಕ್ಕಿದ್ದು ಫೆಬ್ರುವರಿಯಲ್ಲಿ. ಅದೇ ತಿಂಗಳು ಅಲ್ಲಿನ ವೈದ್ಯರೊಬ್ಬರು ಹಾಂಗ್‌ಕಾಂಗ್‌ನ ಮೆಟ್ರೊಪೋಲ್ ಹೋಟೆಲಿನ ಒಂಬತ್ತನೆಯ ಮಹಡಿಯಲ್ಲಿ ತಂಗಿದರು. ಆ ಹೋಟೆಲಿನಿಂದ ಸೋಂಕು ಹನೋಯ್, ಸಿಂಗಪುರ, ಟೊರೊಂಟೊ ಸೇರಿತು. ಒಟ್ಟು 8,096 ಸೋಂಕಿತರು, 774 ಸಾವು. ವಿಯೆಟ್ನಾಂ ಮಾತ್ರ ಬೇಗ ಬಾಯಿ ಬಿಟ್ಟಿತು, ಹೊರಗಿನ ತಜ್ಞರನ್ನು ಒಳಗೆ ಬಿಟ್ಟುಕೊಂಡಿತು. ಸಾರ್ಸ್ ಹರಡುವಿಕೆಯನ್ನು ಮೊದಲು ನಿಲ್ಲಿಸಿದ ದೇಶವೂ ಅದೇ ಆಯಿತು.

ಅದಾದ ಮೇಲೆ 2005ರಲ್ಲಿ ಹೊಸ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿ ಅಂಗೀಕಾರವಾಗಿ 2007ರ ಜೂನ್‌ನಲ್ಲಿ ಜಾರಿಗೆ ಬಂತು. ಅದರ ಎರಡನೆಯ ಅನುಬಂಧದಲ್ಲಿ ನಾಲ್ಕು ಪ್ರಶ್ನೆಗಳಿವೆ. ಪರಿಣಾಮ ಗಂಭೀರವೇ? ಘಟನೆ ಅಸಹಜವೇ, ಅನಿರೀಕ್ಷಿತವೇ? ಗಡಿ ದಾಟುವ ಅಪಾಯವಿದೆಯೇ? ಪ್ರಯಾಣ ಅಥವಾ ವ್ಯಾಪಾರದ ಮೇಲೆ ನಿರ್ಬಂಧ ಬೀಳುವ ಅಪಾಯವಿದೆಯೇ? ಎರಡಕ್ಕೆ ಹೌದು ಎಂಬ ಉತ್ತರ ಬಂದರೆ 24 ಗಂಟೆಗಳೊಳಗೆ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಬೇಕು. ನಾಲ್ಕನೆಯ ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ನಿಮ್ಮ ಮೇಲೆ ಬಹಿಷ್ಕಾರ ಬೀಳಬಹುದು ಎನಿಸಿದರೆ ಅದೇ ಕಾರಣಕ್ಕೆ ನಮಗೆ ಬೇಗ ತಿಳಿಸಿ ಎನ್ನುತ್ತದೆ ನಿಯಮ. ಬಹಿಷ್ಕಾರ ಹಾಕುವವರಿಗೆ ಏನು ಹೇಳುತ್ತದೆ? 43ನೆಯ ವಿಧಿಯ ಪ್ರಕಾರ, ಸಂಸ್ಥೆಯ ಶಿಫಾರಸನ್ನು ಮೀರಿ ಪ್ರಯಾಣಕ್ಕೆ ಅಡ್ಡಿ ಮಾಡುವ ದೇಶ ತನ್ನ ವೈಜ್ಞಾನಿಕ ಕಾರಣವನ್ನು ಒದಗಿಸಬೇಕು. ಒದಗಿಸದಿದ್ದರೆ? ಏನೂ ಇಲ್ಲ. ದಂಡವಿಲ್ಲ, ವಿಚಾರಣೆಯಿಲ್ಲ. 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹಬ್ಬಿದಾಗ ಹೆಚ್ಚುಕಡಿಮೆ ಕಾಲು ಭಾಗದಷ್ಟು ಸದಸ್ಯ ದೇಶಗಳು ಶಿಫಾರಸು ಮೀರಿ ಪ್ರಯಾಣ ನಿಷೇಧದಂತಹ ಕ್ರಮಗಳನ್ನು ಕೈಗೊಂಡವು. ಆಸ್ಟ್ರೇಲಿಯಾ, ಕೆನಡಾ ವೀಸಾ ನೀಡುವುದನ್ನೇ ನಿಲ್ಲಿಸಿದವು.

ಅದೇ ಆಸ್ಟ್ರೇಲಿಯಾ 2021ರ ಮೇ ತಿಂಗಳಲ್ಲಿ, ನಮ್ಮಲ್ಲಿ ಎರಡನೆಯ ಅಲೆ ಉತ್ತುಂಗದಲ್ಲಿದ್ದಾಗ, ಭಾರತದಲ್ಲಿದ್ದ ತನ್ನದೇ ಪ್ರಜೆಗಳು ಮರಳಿ ಬಂದರೆ ಐದು ವರ್ಷದವರೆಗೆ ಜೈಲು ಎಂದು ಆಜ್ಞೆ ಹೊರಡಿಸಿತ್ತು. ಕೆಲವೇ ದಿನ ಜಾರಿಯಲ್ಲಿದ್ದ ಆಜ್ಞೆ. ಆದರೆ ತಂದೆ ತಾಯಿಯನ್ನು ನೋಡಲೆಂದು ಊರಿಗೆ ಬಂದಿದ್ದ ಪಾಸ್‌ಪೋರ್ಟ್‌ದಾರರನ್ನು ಅಪರಾಧಿಗಳ ಸಾಲಿಗೆ ಸೇರಿಸಿತ್ತು. ಓಮೈಕ್ರಾನ್ ವೇಳೆ ಭಾರತ ನಡೆದುಕೊಂಡ ರೀತಿ ಇದಕ್ಕಿಂತ ಮರ್ಯಾದೆಯದು ಎನ್ನಲೇಬೇಕು. ‘ಅಪಾಯದ ದೇಶಗಳು’ ಎಂದು ಪಟ್ಟಿ ಮಾಡಿ ವಿಮಾನ ನಿಲ್ದಾಣದಲ್ಲಿ ಪರೀಕ್ಷೆಯನ್ನು ಕಡ್ಡಾಯ ಮಾಡಿತು, ಆಫ್ರಿಕಾದ ದೇಶಗಳಿಗೆ ಲಸಿಕೆ ಮತ್ತು ಕಿಟ್ ಕಳುಹಿಸಲು ಸಿದ್ಧವೆಂದೂ ಹೇಳಿತು.

ಹಾಗಾದರೆ ಗಡಿ ಮುಚ್ಚುವುದರಿಂದ ಏನೂ ಉಪಯೋಗವಿಲ್ಲವೇ? ಇದೆ. ನ್ಯೂಜಿಲೆಂಡ್ 2020ರ ಮಾರ್ಚ್ 19ರಂದು ಹೊರಗಿನವರೆಲ್ಲರಿಗೂ ಬಾಗಿಲು ಹಾಕಿತು. ಸುತ್ತ ಸಮುದ್ರ, ಎಲ್ಲ ದೇಶಗಳಿಗೂ ಒಂದೇ ನಿಯಮ, ಸ್ವದೇಶಕ್ಕೆ ಮರಳಿದವರಿಗೂ ಕ್ವಾರಂಟೈನ್. ಲಸಿಕೆ ಬರುವ ತನಕ ಅದು ತನ್ನ ಜನರನ್ನು ಕಾಪಾಡಿಕೊಂಡಿತು. ಅದು ಬೇರೆ, ಹೆಸರು ಕೆಟ್ಟ ಒಂದೆರಡು ದೇಶಗಳನ್ನು ಮಾತ್ರ ಆರಿಸಿ ತಡೆಯುವುದು ಬೇರೆ. ಅಮೆರಿಕ 2020ರ ಫೆಬ್ರುವರಿ ಆರಂಭದಲ್ಲಿ ಚೀನಾದ ಪ್ರಯಾಣಿಕರನ್ನು ತಡೆಯಿತು. ನ್ಯೂಯಾರ್ಕ್‌ಗೆ ವೈರಾಣು ಹೆಚ್ಚಾಗಿ ಬಂದದ್ದು ಯುರೋಪಿನಿಂದ. ಸಾರ್ಸ್ ಕಾಲದಲ್ಲಿ ಕೆನಡಾ ವಿಮಾನ ನಿಲ್ದಾಣಗಳಲ್ಲಿ ಲಕ್ಷಗಟ್ಟಲೆ ಪ್ರಯಾಣಿಕರ ಮೈಬಿಸಿ ನೋಡಿತು, ಒಬ್ಬ ಸಾರ್ಸ್ ರೋಗಿಯೂ ಸಿಗಲಿಲ್ಲ. 2009ರ ಎಚ್1ಎನ್1 (ಹಂದಿಜ್ವರ) ಸಮಯದಲ್ಲಿ ಈಜಿಪ್ಟ್ ದೇಶದ ಹಂದಿಗಳನ್ನೆಲ್ಲ ಕಡಿಸಿಹಾಕಿತು. ಆ ಜ್ವರ ಹಂದಿಯಿಂದ ಹರಡುತ್ತಿರಲಿಲ್ಲ. ಇಂತಹ ಕ್ರಮಗಳ ನಿಜವಾದ ಗುಣವೆಂದರೆ ಅವು ಟಿವಿಯಲ್ಲಿ ಕಾಣುತ್ತವೆ, ಅವುಗಳ ಖರ್ಚನ್ನು ಭರಿಸುವವರು ಬೇರೆ ದೇಶದ ಮತದಾರರು. ಚುನಾವಣೆ ಗೆಲ್ಲಬೇಕಾದವರಿಗೆ ಇದಕ್ಕಿಂತ ಅಗ್ಗದ ಔಷಧ ಇಲ್ಲ.

ಮುಚ್ಚಿಡುವುದಕ್ಕೆ ಹೊರಗಿನ ಭಯವೊಂದೇ ಕಾರಣವೆಂದರೆ ಅದೂ ಅರ್ಧ ಸತ್ಯ. ವುಹಾನ್‌ನ ನೇತ್ರವೈದ್ಯ ಲಿ ವೆನ್‌ಲಿಯಾಂಗ್ ಅವರನ್ನು 2020ರ ಜನವರಿ 3ರಂದು ಪೊಲೀಸರು ಕರೆಸಿ ತಪ್ಪೊಪ್ಪಿಗೆಗೆ ಸಹಿ ಹಾಕಿಸಿದ್ದು ರಫ್ತು ನಿಲ್ಲುತ್ತದೆಂಬ ಹೆದರಿಕೆಯಿಂದಲ್ಲ, ಮೇಲಿನವರ ಹೆದರಿಕೆಯಿಂದ. ಶಾಂಘೈನ ಝಾಂಗ್ ಯೋಂಗ್‌ಝೆನ್ ಅವರ ತಂಡ ಜನವರಿ 11ರಂದು ವೈರಾಣುವಿನ ಜೀನೋಮನ್ನು ಜಗತ್ತಿನ ಮುಂದಿಟ್ಟಿತು. ಮರುದಿನವೇ ‘ಸರಿಪಡಿಸಿಕೊಳ್ಳುವ’ ಸಲುವಾಗಿ ಅವರ ಪ್ರಯೋಗಾಲಯಕ್ಕೆ ಬೀಗ ಬಿತ್ತು. ಅವರು ಕೊಟ್ಟ ಆ ಅಕ್ಷರಮಾಲೆಯಿಂದಲೇ ಜಗತ್ತಿನಾದ್ಯಂತ ಪರೀಕ್ಷಾ ಕಿಟ್‌ಗಳೂ ಲಸಿಕೆಗಳೂ ರೂಪುಗೊಂಡವು.

ಒಳಗಿನ ಭಯದ ವಿಷಯದಲ್ಲಿ ನಾವೂ ಬೆನ್ನು ತಟ್ಟಿಕೊಳ್ಳುವ ಸ್ಥಿತಿಯಲ್ಲಿಲ್ಲ. 1896ರಲ್ಲಿ ಮುಂಬೈಗೆ ಬಂದ ಪ್ಲೇಗ್ 1898ರಲ್ಲಿ ಬೆಂಗಳೂರನ್ನು ಮುಟ್ಟಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಹುಟ್ಟಿದ್ದರ ಹಿಂದೆ ಆ ಪ್ಲೇಗಿನ ನೆರಳಿದೆ. ಆದರೆ ಆ ಕಾಲದ ಇನ್ನೊಂದು ಮುಖ, ಮನೆ ಶೋಧನೆ ಮತ್ತು ಪ್ಲೇಗ್ ಕ್ಯಾಂಪುಗಳು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಅಧಿಕಾರಿಗಳಿಗೆ ಏನು ಬೇಕಾದರೂ ಮಾಡುವ ಅಧಿಕಾರ ಕೊಟ್ಟಿತ್ತು. ರೋಗಿಯನ್ನು ಎತ್ತಿಕೊಂಡು ಹೋಗುತ್ತಾರೆ, ಸಾಮಾನು ಸುಡುತ್ತಾರೆ ಎಂದು ಗೊತ್ತಾದ ಮೇಲೆ ಜನ ರೋಗಿಗಳನ್ನು ಬಚ್ಚಿಟ್ಟರು, ಹೆಣವನ್ನೂ ಬಚ್ಚಿಟ್ಟರು. 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ನೆಚ್ಚಿಕೊಂಡದ್ದು ಅದೇ ಕಾಯ್ದೆಯನ್ನು. ವಿದೇಶದಿಂದ ಬಂದವರ ಕೈಗೆ ಮುದ್ರೆ ಒತ್ತಲಾಯಿತು, ಹೋಮ್ ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳ ಪಟ್ಟಿಯನ್ನೇ ಪ್ರಕಟಿಸಲಾಯಿತು. ಜುಲೈನಲ್ಲಿ ಬೆಂಗಳೂರಿನ ದೊಮ್ಮಲೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಎರಡು ಮನೆಗಳ ಬಾಗಿಲಿಗೆ ತಗಡಿನ ಶೀಟು ಜಡಿಯಲಾಯಿತು, ಒಳಗೆ ಜನರಿರುವಾಗಲೇ. ಪಾಲಿಕೆ ಆಯುಕ್ತರು ಕ್ಷಮೆ ಕೇಳಿ ಅದನ್ನು ತೆಗೆಸಿದರು. ಆ ಚಿತ್ರ ನೋಡಿದ ಪಕ್ಕದ ಬೀದಿಯವನು ತನಗೆ ಜ್ವರ ಬಂದಾಗ ಫೀವರ್ ಕ್ಲಿನಿಕ್‌ಗೆ ಹೋಗುತ್ತಾನೆಯೇ, ಮೆಡಿಕಲ್ ಶಾಪಿನಿಂದ ಡೋಲೊ ತಂದು ಸುಮ್ಮನೆ ಮಲಗುತ್ತಾನೆಯೇ? ದಕ್ಷಿಣ ಆಫ್ರಿಕಾದ ಸಚಿವರ ಲೆಕ್ಕವನ್ನೇ ಅವನೂ ಹಾಕುತ್ತಾನೆ. 2014ರ ಆಗಸ್ಟ್‌ನಲ್ಲಿ ಲೈಬೀರಿಯಾ ರಾಜಧಾನಿಯ ವೆಸ್ಟ್ ಪಾಯಿಂಟ್ ಕೊಳೆಗೇರಿಯನ್ನು ಮುಳ್ಳುತಂತಿ ಹಾಕಿ ಸೀಲ್ ಮಾಡಿದಾಗ ಗಲಭೆಯೆದ್ದಿತು, ಗುಂಡೇಟಿಗೆ ಒಬ್ಬ ಹುಡುಗ ಸತ್ತ. ಹತ್ತು ದಿನಕ್ಕೇ ಸರ್ಕಾರ ತಂತಿ ತೆಗೆಯಿತು.

ಬೇರೆ ದಾರಿ ಇಲ್ಲವೇ ಎಂದರೆ ರುವಾಂಡಾವನ್ನು ನೋಡಬೇಕು. 2024ರ ಸೆಪ್ಟೆಂಬರ್ 27ರಂದು ಅದು ತನ್ನಲ್ಲಿ ಮಾರ್ಬರ್ಗ್ ರೋಗ ಬಂದಿದೆಯೆಂದು ಪ್ರಕಟಿಸಿತು. ಎಬೋಲಾದ ಹತ್ತಿರದ ಸಂಬಂಧಿ ಇದು. ಹಿಂದಿನ ಕೆಲವು ಸಂದರ್ಭಗಳಲ್ಲಿ ಸೋಂಕಿತರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಜನ ಸತ್ತಿದ್ದರು. ರುವಾಂಡಾದಲ್ಲಿ 66 ಮಂದಿಗೆ ರೋಗ ತಗಲಿತು, ಹೆಚ್ಚಿನವರು ಆಸ್ಪತ್ರೆ ಸಿಬ್ಬಂದಿ. 15 ಮಂದಿ ತೀರಿಕೊಂಡರು. ಘೋಷಣೆಯಾದ ಹತ್ತು ದಿನಗಳೊಳಗೆ ಪ್ರಾಯೋಗಿಕ ಲಸಿಕೆ ತರಿಸಿ ಸಿಬ್ಬಂದಿಗೆ ಕೊಡಲು ಆರಂಭಿಸಿದ್ದರು. ಹೊರಗಿನ ನೆರವು ಅಷ್ಟು ಬೇಗ ಬಂದದ್ದು ವಿಷಯವನ್ನು ಅಷ್ಟು ಬೇಗ ಹೇಳಿದ್ದರಿಂದ. ಆದರೂ ಅನಗತ್ಯ ಪ್ರಯಾಣ ಬೇಡವೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ತನ್ನ ಜನರಿಗೆ ಸಲಹೆ ಕೊಟ್ಟಿತು, ಆಫ್ರಿಕಾದ ರೋಗ ನಿಯಂತ್ರಣ ಸಂಸ್ಥೆ ಅದನ್ನು ಬಹಿರಂಗವಾಗಿ ಟೀಕಿಸಿತು. ಮೂರೂವರೆ ತಿಂಗಳ ಬಳಿಕ, 2025ರ ಜನವರಿ ಮಧ್ಯದಲ್ಲಿ, ಗಡಿಯ ಆಚೆ ಟಾಂಜಾನಿಯಾದ ಕಾಗೇರಾದಲ್ಲಿ ಮಾರ್ಬರ್ಗ್ ಶಂಕೆಯಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದಾಗ ಅಲ್ಲಿನ ಆರೋಗ್ಯ ಸಚಿವರ ಮೊದಲ ಉತ್ತರ, ನಮ್ಮಲ್ಲಿ ಇಲ್ಲ. ಕೆಲವು ದಿನಗಳ ನಂತರ ಅಧ್ಯಕ್ಷೆ ಸಾಮಿಯಾ ಸುಲುಹು ಹಸನ್ ಅವರೇ ಇದೆ ಎಂದು ಒಪ್ಪಿಕೊಂಡರು.

ಪ್ರಾಮಾಣಿಕತೆಯನ್ನು ಉಪದೇಶದಿಂದ ಪಡೆಯುವುದು ಕಷ್ಟ, ಅದಕ್ಕೆ ಬೆಲೆ ಕಟ್ಟಿ ಕೊಡಬೇಕಾಗುತ್ತದೆ. ಕೋಳಿಗಳ ವಿಷಯದಲ್ಲಿ ಇದು ಎಲ್ಲರಿಗೂ ಅರ್ಥವಾಗಿದೆ. ಹಕ್ಕಿಜ್ವರ ಬಂದ ಫಾರಂನ ಸುತ್ತಲಿನ ಕೋಳಿಗಳನ್ನೆಲ್ಲ ಕೊಂದಾಗ ಸಾಕಿದವರಿಗೆ ಪರಿಹಾರ ಕೊಡುವ ವ್ಯವಸ್ಥೆ ನಮ್ಮಲ್ಲೇ ಇದೆ, ಕೇಂದ್ರ ಮತ್ತು ರಾಜ್ಯ ಅದನ್ನು ಹಂಚಿಕೊಳ್ಳುತ್ತವೆ. ಪರಿಹಾರವಿಲ್ಲವೆಂದಾದರೆ ಸತ್ತ ಕೋಳಿ ರಾತ್ರೋರಾತ್ರಿ ಕಾಲುವೆಗೆ ಬೀಳುತ್ತದೆ, ಬದುಕಿರುವುದು ಬೆಳಗ್ಗೆ ಸಂತೆಗೆ ಹೋಗುತ್ತದೆ. ದೇಶಗಳಿಗೆ ಇಂತಹ ಏರ್ಪಾಡು ಮಾಡಲು ವಿಶ್ವ ಬ್ಯಾಂಕ್ 2017ರಲ್ಲಿ ಪ್ರಯತ್ನಿಸಿತು, 32 ಕೋಟಿ ಡಾಲರ್ ಮೌಲ್ಯದ ಸಾಂಕ್ರಾಮಿಕ ಬಾಂಡ್‌ಗಳನ್ನು, ಅಂದರೆ ದೊಡ್ಡ ರೋಗ ಹಬ್ಬಿದರೆ ಹೂಡಿದ ಹಣ ಪೀಡಿತ ದೇಶಗಳಿಗೆ ಹೋಗುವ ಪತ್ರಗಳನ್ನು, ಹೂಡಿಕೆದಾರರಿಗೆ ಮಾರಿತು. ಮರುವರ್ಷ ಕಾಂಗೊದಲ್ಲಿ ಎಬೋಲಾ ಬಂತು, 2020ರ ವೇಳೆಗೆ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ಬಾಂಡ್‌ಗಳಿಂದ ಒಂದು ಡಾಲರೂ ಬರಲಿಲ್ಲ. ಏಕೆಂದರೆ ಎರಡನೆಯ ದೇಶದಲ್ಲಿ ಕನಿಷ್ಠ 20 ಮಂದಿ ಸಾಯಬೇಕೆಂಬ ಷರತ್ತಿತ್ತು, ನೆರೆಯ ಉಗಾಂಡಾದಲ್ಲಿ ಅಷ್ಟು ಜನ ಸಾಯಲಿಲ್ಲ. ರೋಗವನ್ನು ತನ್ನೊಳಗೇ ಹಿಡಿದಿಟ್ಟ ತಪ್ಪಿಗೆ ಕಾಂಗೊಗೆ ಹಣವಿಲ್ಲ! ಇಷ್ಟು ಬುದ್ಧಿವಂತಿಕೆಯ ಷರತ್ತನ್ನು ಬರೆದವರು ಯಾರೋ, ಅವರ ಸಂಬಳವಂತೂ ನಿಂತಿರಲಿಕ್ಕಿಲ್ಲ. ಕೋವಿಡ್‌ಗೆ ಹಣ ಬಿಡುಗಡೆಯಾದದ್ದು 2020ರ ಏಪ್ರಿಲ್‌ನಲ್ಲಿ, ಲೋಕವೆಲ್ಲ ಬಾಗಿಲು ಹಾಕಿಕೊಂಡ ಮೇಲೆ.

ಹಣಕ್ಕಿಂತ ಹೆಚ್ಚಾಗಿ ಬಡದೇಶಗಳು ಕೇಳುತ್ತಿರುವುದು ಲಸಿಕೆಯಲ್ಲಿ ಪಾಲು. 2007ರಲ್ಲಿ ಇಂಡೊನೇಷ್ಯಾದ ಆರೋಗ್ಯ ಸಚಿವೆ ಸಿತಿ ಫಾದಿಲಾ ಸುಪಾರಿ ಹಕ್ಕಿಜ್ವರದ ಮಾದರಿಗಳನ್ನು ಹೊರಗೆ ಕಳುಹಿಸುವುದನ್ನು ನಿಲ್ಲಿಸಿದರು. ನಮ್ಮ ವೈರಾಣು ಪಡೆದು ಆಸ್ಟ್ರೇಲಿಯಾದ ಕಂಪನಿ ಲಸಿಕೆ ಮಾಡುತ್ತದೆ, ಅದನ್ನು ಕೊಳ್ಳುವ ಶಕ್ತಿ ನಮಗಿಲ್ಲ ಎಂಬುದು ಅವರ ವಾದ. ಶ್ರೀಮಂತ ದೇಶಗಳು ಕೆಂಡಾಮಂಡಲವಾದವು, ಆದರೂ 2011ರಲ್ಲಿ ಇನ್‌ಫ್ಲುಯೆಂಜಾ ಮಾದರಿ ಕೊಟ್ಟವರಿಗೂ ಲಸಿಕೆಯ ಪಾಲು ಸಿಗುವ ಚೌಕಟ್ಟು ರೂಪುಗೊಂಡಿತು. ಇನ್‌ಫ್ಲುಯೆಂಜಾಕ್ಕೆ ಮಾತ್ರ. ಉಳಿದ ರೋಗಗಳಿಗೂ ಅದನ್ನು ವಿಸ್ತರಿಸುವ ಮಾತು 2025ರ ಮೇ 20ರಂದು ಜಿನೀವಾದಲ್ಲಿ ಅಂಗೀಕಾರವಾದ ಸಾಂಕ್ರಾಮಿಕ ಒಪ್ಪಂದದಲ್ಲಿದೆ: ಮಹಾಮಾರಿಯ ಸಮಯದಲ್ಲಿ ಈ ವ್ಯವಸ್ಥೆಗೆ ಸೇರಿದ ಕಂಪನಿಗಳು ತಮ್ಮ ಉತ್ಪಾದನೆಯ ಶೇ 20ರಷ್ಟನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಒದಗಿಸಬೇಕು, ಅದರಲ್ಲಿ ಕನಿಷ್ಠ ಅರ್ಧ ಉಚಿತ. ಕಂಪನಿಗಳನ್ನು ಇದಕ್ಕೆ ಕಟ್ಟಿಹಾಕುವ ವಿವರಗಳು ಇರಬೇಕಾದ ಅನುಬಂಧವನ್ನು ಮಾತ್ರ ಅಂಗೀಕಾರದ ದಿನ ಬರೆದಿರಲಿಲ್ಲ. ದೊಡ್ಡ ಔಷಧ ಕಂಪನಿಗಳ ತವರಾದ ಅಮೆರಿಕ ಆ ವೇಳೆಗಾಗಲೇ ಸಂಸ್ಥೆಯಿಂದ ಹೊರನಡೆಯುವ ನೋಟಿಸ್ ಕೊಟ್ಟಾಗಿತ್ತು. ಭಾರತ ಈ ಚೌಕಾಶಿಯಲ್ಲಿ ಎರಡೂ ಕಡೆ ಕೂರುವ ದೇಶ. ನಿಫಾ, ಹಕ್ಕಿಜ್ವರದ ಮಾದರಿಗಳೂ ನಮ್ಮಲ್ಲಿವೆ, ಜಗತ್ತಿನ ಅತಿದೊಡ್ಡ ಲಸಿಕೆ ಕಾರ್ಖಾನೆಗಳೂ ನಮ್ಮಲ್ಲಿವೆ.

ಪ್ರಯಾಣಿಕರನ್ನು ತಡೆಯಿರಿ ಎಂದಾಗಲೀ ಲಾಕ್‌ಡೌನ್ ಮಾಡಿ ಎಂದಾಗಲೀ ಯಾವ ದೇಶಕ್ಕೂ ಆಜ್ಞೆ ಮಾಡುವ ಅಧಿಕಾರ ವಿಶ್ವ ಆರೋಗ್ಯ ಸಂಸ್ಥೆಗೆ ಇಲ್ಲ ಎಂದು ಆ ಒಪ್ಪಂದ ಬಿಡಿಸಿ ಹೇಳುತ್ತದೆ. ಹಾಗೆ ತಡೆದದ್ದರಿಂದ ಸೂರತ್‌ಗೋ ಗೌಟೆಂಗ್‌ಗೋ ಆದ ನಷ್ಟವನ್ನು ತಡೆದವರು ತುಂಬಿಕೊಡಬೇಕು ಎಂಬ ಸಾಲು ಅದರಲ್ಲಿ ಇಲ್ಲ. 2024ರಲ್ಲಿ ತಿದ್ದಿ 2025ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಆರೋಗ್ಯ ನಿಯಮಾವಳಿಯಲ್ಲೂ ಇಲ್ಲ.